ಕಂಪನಿ ಕೊಟ್ಟ ಫೈಬರ್ ಮೋಡೆಮ್ ಜೊತೆ ಸ್ವಂತ ರೂಟರ್: ಬ್ರಿಡ್ಜ್ ಮೋಡ್ ಬೇಕೇ ಬೇಕಾ, ಎಪಿ ಮೋಡ್ ಸಾಕಾ?

ಮಹಡಿಮನೆ ಕೇಳಿದ್ದು:

ಮನೆ ತೀರ್ಥಹಳ್ಳಿ ಕಡೆ, ಎರಡಂತಸ್ತು. ಕೆಳಗಿನ ಹಾಲ್‌ನಲ್ಲಿ ಇಂಟರ್ನೆಟ್ ಕಂಪನಿಯವರ ಓಎನ್‌ಟಿ (ಫೈಬರ್ ಮೋಡೆಮ್) ಇದೆ. ನಾಲ್ಕು ಲ್ಯಾನ್ ಪೋರ್ಟ್, ಒಂದು ಫೋನ್ ಪೋರ್ಟ್. ಲ್ಯಾಂಡ್‌ಲೈನ್ ಬಳಕೆಯಲ್ಲಿದೆ, ಅದು ಹೋಗಬಾರದು. ಪ್ಲಾನ್ 200 ಎಂಬಿಪಿಎಸ್, ಪಿಪಿಪಿಓಇ ಕನೆಕ್ಷನ್ (ಯೂಸರ್‌ನೇಮ್ ಪಾಸ್‌ವರ್ಡ್ ಕೊಟ್ಟು ಕಂಪನಿಗೆ ಲಾಗಿನ್ ಆಗೋ ಬಗೆ), ಅವೆರಡೂ ಓಎನ್‌ಟಿ ಒಳಗೇ ಇವೆ. ಮೇಲಿನ ಮಹಡಿಗೆ ವೈಫೈ ಸರಿಯಾಗಿ ಬರೋದಿಲ್ಲ ಅಂತ ಟಿಪಿ-ಲಿಂಕ್ ಆರ್ಚರ್ ಸಿ6 ರೂಟರ್ ತಂದು, ಓಎನ್‌ಟಿಯ ಲ್ಯಾನ್2ರಿಂದ ಅದರ ವ್ಯಾನ್ (ಇಂಟರ್ನೆಟ್ ಒಳಬರೋ) ಪೋರ್ಟ್‌ಗೆ ಕೇಬಲ್ ಎಳೆದಿದ್ದೇವೆ. ಇಂಟರ್ನೆಟ್ ಬರುತ್ತೆ, ಆದರೆ ಮೂರು ತೊಂದರೆ:

ಮೇಲೆ ಲ್ಯಾಪ್‌ಟಾಪ್‌ಗೆ ನೇರ ಕೇಬಲ್ ಹಾಕಿದರೂ ಸ್ಪೀಡ್ 94 ದಾಟೋದಿಲ್ಲ. ಮೇಲಿನ ಮಹಡಿಯ ಪ್ರಿಂಟರ್ ಕೆಳಗಿನ ವೈಫೈನಲ್ಲಿರೋ ಫೋನ್‌ಗಳಿಗೆ ಕಾಣಿಸೋದೇ ಇಲ್ಲ. ಸಿಸಿಟಿವಿ ಎನ್‌ವಿಆರ್ (ರೆಕಾರ್ಡರ್) ಸಿ6ಗೆ ಸೇರಿದೆ, ಪೋರ್ಟ್ ಫಾರ್ವರ್ಡ್ (ಹೊರಗಿನ ಕೋರಿಕೆಯನ್ನು ಅದಕ್ಕೆ ಕಳಿಸೋ ಸೆಟ್ಟಿಂಗ್) ಮಾಡಿದರೂ ಹೊರಗಿನಿಂದ ತೆರೆಯೋದಿಲ್ಲ.

ಬ್ರಿಡ್ಜ್ ಮೋಡ್ (ಓಎನ್‌ಟಿ ಬರೀ ಸಂಪರ್ಕ ದಾಟಿಸಿ, ಲಾಗಿನ್ ಮತ್ತು ರೂಟಿಂಗ್ ನಮ್ಮ ರೂಟರ್ರೇ ಮಾಡೋದು) ಮಾಡಿಸಿದರೆ ಎಲ್ಲ ಸರಿಹೋಗುತ್ತೆ ಅಂತ ಕೆಲವರು ಹೇಳ್ತಾರೆ. ಹೌದಾ? ಮಾಡಿಸಿದರೆ ಲ್ಯಾಂಡ್‌ಲೈನ್ ಗತಿ ಏನು?

---

ತಂತಿಜಾಲ ಉತ್ತರ:

ನೀವು ಹೇಳಿದ ಮೂರಕ್ಕೂ ಕಾರಣ ಬೇರೆ ಬೇರೆ. ಬ್ರಿಡ್ಜ್‌ನಿಂದ ಮೊದಲನೆಯದು ಖಂಡಿತ ಸರಿಹೋಗೋದಿಲ್ಲ, ಮೂರನೆಯದೂ ಬಹುಶಃ ಸರಿಹೋಗೋದಿಲ್ಲ. ಹಾಗಾಗಿ ಕಂಪನಿಗೆ ಫೋನ್ ಮಾಡೋ ಮೊದಲು ಇಷ್ಟು ನೋಡಿ.

94 ಅನ್ನೋ ಅಂಕಿಯಲ್ಲೇ ಉತ್ತರ ಇದೆ. 100 ಎಂಬಿಪಿಎಸ್ ಈಥರ್‌ನೆಟ್ ಲಿಂಕ್‌ನಲ್ಲಿ ಹೆಡರ್‌ಗಳ ಖರ್ಚು ಕಳೆದು ಕೈಗೆ ಸಿಗೋದು ಅಷ್ಟೇ. ಮನೆಗೆ ಕೊಡೋ ಓಎನ್‌ಟಿಗಳಲ್ಲಿ ಎಷ್ಟೋ ಮಾದರಿಗಳಿಗೆ ಒಂದೇ ಒಂದು ಗಿಗಾಬಿಟ್ ಪೋರ್ಟ್ ಇರುತ್ತೆ, ಉಳಿದ ಮೂರೂ 100. ಸಾಮಾನ್ಯವಾಗಿ ಗಿಗಾಬಿಟ್ ಇರೋದು ಲ್ಯಾನ್1, ಪಕ್ಕದಲ್ಲಿ 'ಜಿಇ' ಅಂತ ಬರೆದಿರುತ್ತೆ ಅಥವಾ ಬಣ್ಣ ಬೇರೆ ಇರುತ್ತೆ. ಕೇಬಲ್ ಲ್ಯಾನ್1ಕ್ಕೆ ಹಾಕಿ, ಓಎನ್‌ಟಿಯ ಸ್ಟೇಟಸ್ ಪುಟದಲ್ಲಿ ಆ ಪೋರ್ಟ್‌ನ ಲಿಂಕ್ ಸ್ಪೀಡ್ 1000 ಅಂತ ತೋರಿಸ್ತಾ ಇದೆಯಾ ನೋಡಿ. ಸಿ6ರಲ್ಲಿ ಐದೂ ಪೋರ್ಟ್ ಗಿಗಾಬಿಟ್, ಆ ಕಡೆಯಿಂದ ತೊಂದರೆ ಇಲ್ಲ. ಇದನ್ನು ಓದ್ತಾ ಇರೋ ಬೇರೆಯವರಿಗೂ ಒಂದು ಮಾತು: ಡಬ್ಬದ ಮೇಲೆ ಎಸಿ1200 ಅಂತ ದೊಡ್ಡದಾಗಿ ಬರೆದಿದ್ದ ಮಾತ್ರಕ್ಕೆ ಪೋರ್ಟ್ ಗಿಗಾಬಿಟ್ ಆಗಿರಬೇಕು ಅಂತೇನಿಲ್ಲ. ಆರ್ಚರ್ ಸಿ50 ಕೂಡ ಎಸಿ1200, ಅದರ ಐದೂ ಪೋರ್ಟ್ 100. 100ಕ್ಕಿಂತ ಮೇಲಿನ ಪ್ಲಾನ್ ಇದ್ದರೆ ಅಂಥದ್ದು ತರಬೇಡಿ.

ಪ್ರಿಂಟರ್ ಸಮಸ್ಯೆ ಡಬಲ್ ನ್ಯಾಟ್‌ನದ್ದು, ಅಂದರೆ ಒಂದು ರೂಟರ್ ಹಿಂದೆ ಇನ್ನೊಂದೂ ಐಪಿ ವಿಳಾಸ ಬದಲಿಸ್ತಾ ಇದೆ. ಓಎನ್‌ಟಿ 192.168.1.x ಹಂಚುತ್ತೆ, ಸಿ6 192.168.0.x ಹಂಚುತ್ತೆ. ಒಂದೇ ಮನೆಯಲ್ಲಿ ಎರಡು ನೆಟ್‌ವರ್ಕ್. ಸಿ6 ಹಿಂದಿರೋ ಸಾಧನಗಳು ಓಎನ್‌ಟಿ ಕಡೆಯ ಸಾಧನಗಳನ್ನು ಐಪಿ ಹೊಡೆದು ತಲುಪಬಹುದು, ಆದರೆ ಓಎನ್‌ಟಿ ಕಡೆಯಿಂದ ಒಳಕ್ಕೆ ಹೋಗೋಕೆ ಸಿ6ರ ಫೈರ್‌ವಾಲ್ ಬಿಡೋದಿಲ್ಲ. ಇನ್ನು ಪ್ರಿಂಟರ್, ಕ್ರೋಮ್‌ಕಾಸ್ಟ್ ಇವೆಲ್ಲ ತಮ್ಮ ಇರುವನ್ನು ಸಾರಿ ಹೇಳೋ ಸಂದೇಶಗಳು ನೆಟ್‌ವರ್ಕ್‌ನ ಗಡಿ ದಾಟೋದೇ ಇಲ್ಲ. ಇದಕ್ಕೆ ಸುಲಭದ ಪರಿಹಾರ ಸಿ6 ಅನ್ನು ಆಕ್ಸೆಸ್ ಪಾಯಿಂಟ್ (ಎಪಿ) ಮೋಡ್‌ಗೆ ಹಾಕೋದು. ಆಗ ರೂಟಿಂಗ್, ಡಿಎಚ್‌ಸಿಪಿ (ಸಾಧನಗಳಿಗೆ ಐಪಿ ಹಂಚೋದು) ಎಲ್ಲ ಓಎನ್‌ಟಿಯೇ ಮಾಡುತ್ತೆ, ಸಿ6 ಬರೀ ಸ್ವಿಚ್ ಮತ್ತು ವೈಫೈ.

ಮಾಡೋ ಕ್ರಮ ಹೀಗೆ. ಮೊದಲು ಓಎನ್‌ಟಿಗೆ ಹೋಗಿ ಡಿಎಚ್‌ಸಿಪಿ ಪೂಲ್ ನೋಡಿ, ಹೆಚ್ಚಿನವು 192.168.1.2ರಿಂದ 254ರವರೆಗೆ ಪೂರ್ತಿ ಹಂಚುತ್ತವೆ. ಶುರುವನ್ನು 192.168.1.20 ಮಾಡಿ, ಕೆಳಗಿನವು ನಮ್ಮ ಕೈಲಿ ಇರಲಿ. ಆಮೇಲೆ ಸಿ6ರ ಅಡ್ವಾನ್ಸ್ಡ್ ಮೆನುವಿನಲ್ಲಿ ಆಪರೇಷನ್ ಮೋಡ್‌ಗೆ ಹೋಗಿ ಆಕ್ಸೆಸ್ ಪಾಯಿಂಟ್ ಆರಿಸಿ. ಅದು ರೀಸ್ಟಾರ್ಟ್ ಆಗುತ್ತೆ, 192.168.0.1 ಮತ್ತೆ ತೆರೆಯೋದಿಲ್ಲ. ಇಲ್ಲಿ ಗಾಬರಿಯಾಗಿ ರೀಸೆಟ್ ಒತ್ತುವವರು ಬಹಳ ಜನ. ಅದು ಕೆಟ್ಟಿಲ್ಲ, ಓಎನ್‌ಟಿಯಿಂದ ಹೊಸ ಐಪಿ ತಗೊಂಡಿದೆ ಅಷ್ಟೇ. ಓಎನ್‌ಟಿಯ ಕ್ಲೈಂಟ್ ಪಟ್ಟಿಯಲ್ಲಿ ಅದರ ಐಪಿ ಹುಡುಕಿ ಒಳಗೆ ಹೋಗಿ, ಲ್ಯಾನ್ ಸೆಟ್ಟಿಂಗ್‌ನಲ್ಲಿ 192.168.1.2 ಅಂತ ಸ್ಥಿರ ಮಾಡಿ, ಗೇಟ್‌ವೇ 192.168.1.1. ಎನ್‌ವಿಆರ್‌ಗೆ ಕೈಯಾರೆ ಐಪಿ ಕೊಟ್ಟಿದ್ದರೆ ಅದನ್ನೂ 192.168.1.10 ಅಂತ ಬದಲಿಸಿ, ಇಲ್ಲದಿದ್ದರೆ ಅದು ಹಳೇ 0.x ವಿಳಾಸದಲ್ಲೇ ಕೂತು ಯಾರಿಗೂ ಸಿಗೋದಿಲ್ಲ.

ನಿಮ್ಮ ರೂಟರ್‌ನಲ್ಲಿ ಎಪಿ ಮೋಡ್ ಅನ್ನೋದೇ ಇಲ್ಲದಿದ್ದರೂ ಕೆಲಸ ಆಗುತ್ತೆ: ಲ್ಯಾನ್ ಐಪಿಯನ್ನು 192.168.1.2 ಮಾಡಿ, ಡಿಎಚ್‌ಸಿಪಿ ಆಫ್ ಮಾಡಿ, ಕೇಬಲ್ಲನ್ನು ವ್ಯಾನ್ ಬಿಟ್ಟು ಲ್ಯಾನ್ ಪೋರ್ಟ್‌ಗೆ ಹಾಕಿ. ಡಿಎಚ್‌ಸಿಪಿ ಆಫ್ ಮಾಡದೆ ಲ್ಯಾನ್‌ಗೆ ಹಾಕಿದರೆ ಎರಡೂ ಪೆಟ್ಟಿಗೆ ಐಪಿ ಹಂಚೋಕೆ ಶುರು ಮಾಡುತ್ತವೆ, ಮನೆಯ ಅರ್ಧ ಸಾಧನಗಳಿಗೆ ಇಂಟರ್ನೆಟ್ ಬರುತ್ತೆ, ಅರ್ಧಕ್ಕೆ ಬರೋದಿಲ್ಲ. ಕಾರಣ ಹುಡುಕೋಕೆ ತುಂಬ ಸತಾಯಿಸೋ ದೋಷ ಅದು.

ಎನ್‌ವಿಆರ್ ವಿಷಯಕ್ಕೆ ಒಂದು ಮಾಹಿತಿ ಬೇಕು. ಓಎನ್‌ಟಿಯ ವ್ಯಾನ್ ಸ್ಟೇಟಸ್‌ನಲ್ಲಿ ಐಪಿವಿ4 ವಿಳಾಸ ಯಾವುದರಿಂದ ಶುರುವಾಗುತ್ತೆ? ಮೊದಲೆರಡು ಅಂಕಿ ಸಾಕು, ಪೂರ್ತಿ ಹಾಕಬೇಡಿ.

---

ಪ್ಯಾಕೆಟ್_ಪಹರೆ ಉತ್ತರ:

ತಂತಿಜಾಲ ಹೇಳಿದ್ದು ನಿಮ್ಮ ಮನೆಗೆ ಸರಿ. ಆದರೆ ಬ್ರಿಡ್ಜ್ ಯಾರಿಗೂ ಬೇಡ ಅಂತ ಅರ್ಥ ಮಾಡ್ಕೋಬೇಡಿ. ಓಎನ್‌ಟಿ ರೂಟರ್ ಆಗಿ ಸೋಲುವುದುಂಟು. ನೂರಾರು ಟೊರೆಂಟ್ ಕನೆಕ್ಷನ್, ಇಪ್ಪತ್ತು ಮೂವತ್ತು ಸಾಧನ ಸೇರಿದಾಗ ನ್ಯಾಟ್ ಸೆಷನ್ ಟೇಬಲ್ (ನಡೀತಾ ಇರೋ ಕನೆಕ್ಷನ್‌ಗಳ ಪಟ್ಟಿ) ತುಂಬಿ ಹೊಸ ಪುಟಗಳು ತೆರೆಯದೆ ತಿಣುಕುತ್ತೆ. ರೀಸ್ಟಾರ್ಟ್ ಮಾಡಿದರೆ ಒಂದೆರಡು ದಿನ ಸರಿ, ಮತ್ತೆ ಅದೇ. ಮಕ್ಕಳ ಸಮಯ ಮಿತಿ, ಕ್ಯೂಓಎಸ್ (ಯಾವ ಬಳಕೆಗೆ ಮೊದಲ ಆದ್ಯತೆ ಅನ್ನೋದು), ಸ್ವಂತ ವಿಪಿಎನ್ ಸರ್ವರ್, ಬೇಕಾದ ಡಿಎನ್‌ಎಸ್ ಇವೆಲ್ಲ ನಿಮ್ಮ ರೂಟರ್‌ನಲ್ಲೇ ನಡೆಯಬೇಕು ಅಂದರೂ ಬ್ರಿಡ್ಜ್ ಚೆನ್ನ. ಇನ್ನೊಂದು ಕಾರಣ ನನ್ನ ದೃಷ್ಟಿಯಲ್ಲಿ ದೊಡ್ಡದು: ಓಎನ್‌ಟಿಯನ್ನು ಕಂಪನಿ ಟಿಆರ್-069 ಮೂಲಕ ದೂರದಿಂದ ನಿರ್ವಹಿಸುತ್ತೆ. ಮನೆಯ ಒಳ ನೆಟ್‌ವರ್ಕ್ ಅದರ ಕೈಲಿ ಇರೋದು ಬೇಡ ಅನ್ನಿಸೋದು ನ್ಯಾಯವಾದ ಆಸೆ.

ಮಾಡೋದಾದರೆ ಹೀಗೆ.

ಓಎನ್‌ಟಿಯ ವ್ಯಾನ್ ಪುಟದಲ್ಲಿ ಎರಡು ಮೂರು ಸಾಲುಗಳು ಇರುತ್ತವೆ. ಹೆಸರುಗಳು ಸುಮಾರಾಗಿ '1_ಟಿಆರ್069_ಆರ್_ವಿಐಡಿ', '2_ಇಂಟರ್ನೆಟ್_ಆರ್_ವಿಐಡಿ', '3_ವಾಯಿಪ್_ಆರ್_ವಿಐಡಿ' ಈ ಧಾಟಿಯಲ್ಲಿ ಇದ್ದು, ಕೊನೆಗೆ ವಿಲ್ಯಾನ್ (ಒಂದೇ ತಂತಿಯಲ್ಲಿ ಸೇವೆಗಳನ್ನು ಬೇರ್ಪಡಿಸೋ ಗುರುತು) ಸಂಖ್ಯೆ ಅಂಟಿಕೊಂಡಿರುತ್ತೆ. ನಡುವಿನ 'ಆರ್' ಅಂದರೆ ರೂಟ್, ಬ್ರಿಡ್ಜ್ ಆದರೆ 'ಬಿ'. ನೀವು ಮುಟ್ಟಬೇಕಾದ್ದು ಇಂಟರ್ನೆಟ್ ಸಾಲು ಒಂದನ್ನೇ. ವಾಯಿಪ್ (ಲ್ಯಾಂಡ್‌ಲೈನ್ ಫೋನಿನ) ಸಾಲು ಪ್ರತ್ಯೇಕವಾಗಿದ್ದರೆ ಬ್ರಿಡ್ಜ್ ಮಾಡಿದರೂ ಲ್ಯಾಂಡ್‌ಲೈನ್ ಮೊದಲಿನಂತೆಯೇ ನಡೆಯುತ್ತೆ, ಫೋನಿನ ತಂತಿ ಓಎನ್‌ಟಿಯಲ್ಲೇ ಇರಬೇಕು ಅಷ್ಟೇ. ಇಂಟರ್ನೆಟ್ ಮತ್ತು ವಾಯಿಪ್ ಎರಡೂ ಒಂದೇ ಸಾಲಿನಲ್ಲಿ ಇದ್ದರೆ ಮಾತ್ರ ಕೈ ಹಾಕಬೇಡಿ, ಅದನ್ನು ಬ್ರಿಡ್ಜ್ ಮಾಡಿದ ಕ್ಷಣ ಫೋನ್ ಸಾಯುತ್ತೆ. ಅಂಥಲ್ಲಿ ಕಂಪನಿಯವರೇ ವಾಯಿಪ್‌ಗೆ ಬೇರೆ ಸಾಲು ಮಾಡಿಕೊಡಬೇಕು.

ಬದಲಿಸೋ ಮೊದಲು ಮೂರನ್ನು ಬರೆದಿಟ್ಟುಕೊಳ್ಳಿ: ವಿಲ್ಯಾನ್ ಐಡಿ, 802.1ಪಿ ಆದ್ಯತೆಯ ಸಂಖ್ಯೆ, ಪಿಪಿಪಿಓಇ ಯೂಸರ್‌ನೇಮ್. ಪಾಸ್‌ವರ್ಡ್ ಚುಕ್ಕಿಗಳಾಗಿ ಕಾಣುತ್ತೆ, ಅದನ್ನು ಕಂಪನಿಯಿಂದಲೇ ಕೇಳಿ ಪಡೆಯಿರಿ. ಕಾನ್ಫಿಗ್ ಬ್ಯಾಕಪ್ ಇಳಿಸೋ ಅವಕಾಶ ಇದ್ದರೆ ಅದನ್ನೂ ಮಾಡಿ. ಆಮೇಲೆ ಮೋಡ್ ಅನ್ನು ಬ್ರಿಡ್ಜ್ ಮಾಡಿ, ವಿಲ್ಯಾನ್ ಹಾಗೇ ಬಿಡಿ, ಪೋರ್ಟ್ ಬೈಂಡಿಂಗ್‌ನಲ್ಲಿ (ಈ ಸಾಲು ಯಾವ ಪೋರ್ಟ್‌ಗೆ ಅನ್ನೋದು) ಲ್ಯಾನ್1ಕ್ಕೆ ಮಾತ್ರ ಗುರುತು ಹಾಕಿ. ಓಎನ್‌ಟಿಯ ವೈಫೈ ಆಫ್. ರೂಟರ್‌ನ ವ್ಯಾನ್‌ನಲ್ಲಿ ಪಿಪಿಪಿಓಇ ಆರಿಸಿ ವಿವರ ತುಂಬಿ, ಲ್ಯಾನ್ ಐಪಿ 192.168.1.x ಬಿಟ್ಟು ಬೇರೆ ಇರಲಿ.

ಏನೇ ಆದರೂ ಓಎನ್‌ಟಿಯ ಹಿಂದಿನ ರೀಸೆಟ್ ತೂತಿಗೆ ಪಿನ್ ಹಾಕಬೇಡಿ. ಫೈಬರ್‌ನ ಆ ತುದಿಯಲ್ಲಿರೋ ಕಂಪನಿಯ ಓಎಲ್‌ಟಿ ಯಂತ್ರಕ್ಕೆ ಗುರುತು ಹೇಳೋ ಎಲ್‌ಓಐಡಿ ಅಥವಾ ಜಿಪಾನ್ ಪಾಸ್‌ವರ್ಡ್ ಎಷ್ಟೋ ಮಾದರಿಗಳಲ್ಲಿ ಫ್ಯಾಕ್ಟರಿ ರೀಸೆಟ್‌ನಲ್ಲಿ ಅಳಿಸಿ ಹೋಗುತ್ತೆ. ಪಾನ್ (ಫೈಬರ್ ಸಂಪರ್ಕದ) ದೀಪ ಮಿನುಗ್ತಾನೇ ಇರುತ್ತೆ, ಲೈನ್‌ಮನ್ ಬರೋವರೆಗೆ ಇಂಟರ್ನೆಟ್ಟೂ ಇಲ್ಲ, ಫೋನೂ ಇಲ್ಲ.

ಕನೆಕ್ಟ್ ಆಗದಿದ್ದರೆ ರೂಟರ್‌ನ ಸಿಸ್ಟಮ್ ಲಾಗ್ ತೆಗೆದು ನೋಡಿ, ಊಹೆ ಬೇಡ. ಪಿಪಿಪಿಓಇ ಮಾತುಕತೆ ಪಿಎಡಿಐ, ಪಿಎಡಿಓ, ಪಿಎಡಿಆರ್, ಪಿಎಡಿಎಸ್ ಅನ್ನೋ ನಾಲ್ಕು ಹಂತದಲ್ಲಿ ನಡೆಯುತ್ತೆ. ರೂಟರ್ ಪಿಎಡಿಐ ಕಳಿಸ್ತಾನೇ ಇದ್ದು ಪಿಎಡಿಓ ಬರದೇ ಇದ್ದರೆ ಪಾಸ್‌ವರ್ಡ್ ತಪ್ಪಲ್ಲ, ಮಾತು ಆ ಕಡೆಗೆ ಮುಟ್ಟೇ ಇಲ್ಲ. ಹೆಚ್ಚಾಗಿ ಪೋರ್ಟ್ ಬೈಂಡಿಂಗ್ ತಪ್ಪಿರುತ್ತೆ, ಇಲ್ಲವೇ ವಿಲ್ಯಾನ್ ಟ್ಯಾಗ್ ಓಎನ್‌ಟಿಯಲ್ಲೂ ಹಾಕಿ ರೂಟರ್‌ನಲ್ಲೂ ಹಾಕಿರ್ತಾರೆ. ಟ್ಯಾಗ್ ಒಂದು ಕಡೆ ಮಾತ್ರ ಇರಬೇಕು. ನಾಲ್ಕೂ ಹಂತ ದಾಟಿ ಅಥೆಂಟಿಕೇಷನ್ ಫೇಲ್ ಅಂತ ಬಂದರೆ ಆಗ ಪಾಸ್‌ವರ್ಡ್ ನೋಡಿ. ಪಾಸ್‌ವರ್ಡ್ ಸರಿ ಇದ್ದೂ ಒಪ್ಪದಿದ್ದರೆ, ಹಳೆಯ ಸೆಷನ್ ಕಂಪನಿಯ ಸರ್ವರ್‌ನಲ್ಲಿ ಇನ್ನೂ ತೆರೆದೇ ಇರಬಹುದು; ರೂಟರ್ ಆಫ್ ಮಾಡಿ ಹತ್ತು ನಿಮಿಷ ಬಿಡಿ. ಅದಕ್ಕೂ ಬಗ್ಗದಿದ್ದರೆ ಮ್ಯಾಕ್ ಬೈಂಡಿಂಗ್ (ಹಳೇ ಪೆಟ್ಟಿಗೆಯ ಹಾರ್ಡ್‌ವೇರ್ ವಿಳಾಸಕ್ಕೆ ಮಾತ್ರ ಅನುಮತಿ) ಇರಬಹುದು. ಕಂಪನಿಗೆ ಹೇಳಿ ಬಿಡುಗಡೆ ಮಾಡಿಸಿ.

ಕನೆಕ್ಟ್ ಆದಮೇಲೆ ಕೆಲವು ಸೈಟ್ ತೆರೆದು ಕೆಲವು ಅರ್ಧಕ್ಕೆ ನಿಂತರೆ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ನೋಡಿ. ಪಿಪಿಪಿಓಇ ಹೆಡರ್ 8 ಬೈಟ್ ತಿನ್ನುತ್ತೆ, ಹಾಗಾಗಿ 1500 ಅಲ್ಲ, 1492. ಪರೀಕ್ಷಿಸೋಕೆ ಪ್ಯಾಕೆಟ್ ತುಂಡಾಗದ ಆಯ್ಕೆ ಕೊಟ್ಟು 1464 ಬೈಟ್‌ನ ಪಿಂಗ್ ಹೊಡೆಯಿರಿ. 28 ಬೈಟ್ ಹೆಡರ್ ಸೇರಿ 1492 ಆಗುತ್ತೆ, ಅದು ಹೋಗಬೇಕು, 1465 ಹೋಗಬಾರದು.

ಐಪಿವಿ6 ಕೂಡ ಮರೆಯಬೇಡಿ. ಎಪಿ ಮೋಡ್‌ನಲ್ಲಿ ಅದು ತಾನಾಗೇ ಬರುತ್ತೆ. ಬ್ರಿಡ್ಜ್ ಆದರೆ ರೂಟರ್‌ನ ಐಪಿವಿ6 ಪುಟದಲ್ಲಿ ಪಿಪಿಪಿಓಇ ಅದೇ ಸೆಷನ್ ಬಳಸು ಅಂತ ಹೇಳಿ ಪ್ರಿಫಿಕ್ಸ್ ಡೆಲಿಗೇಷನ್ (ಮನೆಗೆ ಐಪಿವಿ6 ವಿಳಾಸಗಳ ಗುಂಪು ಪಡೆಯೋದು) ಆನ್ ಮಾಡಬೇಕು. ನೀವೀಗ ಇಟ್ಟಿರೋ ಡಬಲ್ ನ್ಯಾಟ್‌ನಲ್ಲಿ ಒಳಗಿನ ರೂಟರ್‌ಗೆ ಪ್ರಿಫಿಕ್ಸ್ ಸಿಗೋದೇ ಅಪರೂಪ.

---

ಕ್ರಿಂಪಿಂಗ್‌ಗಾರ ಉತ್ತರ:

ಲ್ಯಾನ್1ಕ್ಕೆ ಹಾಕಿದ ಮೇಲೂ 94ರಲ್ಲೇ ನಿಂತರೆ ಕೇಬಲ್ ನೋಡಿ. 100 ಎಂಬಿಪಿಎಸ್‌ಗೆ 1, 2, 3, 6 ಈ ನಾಲ್ಕು ತಂತಿ ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಕ್ರಿಂಪ್ ಮಾಡುವಾಗ ನೀಲಿ ಅಥವಾ ಕಂದು ಜೋಡಿಯಲ್ಲಿ ಒಂದು ತಂತಿ ಪ್ಲಗ್‌ನ ತುದಿಗೆ ಮುಟ್ಟದೇ ಇದ್ದರೆ ಲಿಂಕ್ ಸದ್ದಿಲ್ಲದೆ 100ಕ್ಕೆ ಇಳಿದುಬಿಡುತ್ತೆ. ಇಂಟರ್ನೆಟ್ ಬರ್ತಾ ಇರೋದರಿಂದ ಕೇಬಲ್ ಮೇಲೆ ಯಾರಿಗೂ ಅನುಮಾನ ಬರೋದಿಲ್ಲ. ಎರಡೂ ತುದಿಗೆ 568ಬಿ ಕ್ರಮ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಕ್ಯಾಟ್5ಇ ಸಾಕು, ಮನೆಯೊಳಗಿನ ದೂರಕ್ಕೆ ಕ್ಯಾಟ್6ರಿಂದ ಹೆಚ್ಚಿನ ಲಾಭ ಇಲ್ಲ. ಆದರೆ ಪೂರ್ತಿ ತಾಮ್ರದ್ದೇ ತಗೊಳ್ಳಿ. ಸಿಸಿಎ ಅಂತ ಅಗ್ಗಕ್ಕೆ ಸಿಗೋದು ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ. ಎರಡು ಸಲ ಬಗ್ಗಿಸಿದರೆ ಒಳಗೇ ಮುರಿಯುತ್ತೆ.

ಮಲೆನಾಡು ಅಂದಮೇಲೆ ಸಿಡಿಲಿನ ಮಾತು ಆಡಲೇಬೇಕು. ಫೈಬರ್ ಗಾಜು, ಕರೆಂಟ್ ಹರಿಯೋದಿಲ್ಲ ನಿಜ. ಆದರೆ ಕಂಬದಿಂದ ಬರೋ ಡ್ರಾಪ್ ಕೇಬಲ್‌ನಲ್ಲಿ ಆಧಾರಕ್ಕೆ ಉಕ್ಕಿನ ತಂತಿ ಇರುತ್ತೆ. ಅದು ಹೊರಗೋಡೆಯ ಕ್ಲ್ಯಾಂಪ್‌ಗೆ ಮುಗಿಯಬೇಕು, ಓಎನ್‌ಟಿ ಪಕ್ಕದವರೆಗೆ ಬಂದಿದ್ದರೆ ಲೈನ್‌ಮನ್‌ಗೆ ಹೇಳಿ ಹೊರಗೇ ಬಿಡಿಸಿ. ಮೇಲಿನ ಮಹಡಿಗೆ ಲ್ಯಾನ್ ಕೇಬಲ್ಲನ್ನು ಹೊರಗೋಡೆ ಮೇಲೆ ಎಳೆದಿದ್ದೀರಾ? ಆಗಿದ್ದರೆ ಒಳಗಿನಿಂದಲೇ ಪೈಪ್‌ನಲ್ಲಿ ತನ್ನಿ, ಕರೆಂಟ್ ವೈರ್ ಇರೋ ಪೈಪ್ ಬೇಡ. ಹತ್ತಿರ ಸಿಡಿಲು ಹೊಡೆದರೆ ಹೊರಗಿನ ಉದ್ದ ತಾಮ್ರದಲ್ಲಿ ಹುಟ್ಟೋ ವೋಲ್ಟೇಜ್ ಎರಡೂ ತುದಿಯ ಪೋರ್ಟ್ ಸುಟ್ಟುಬಿಡಬಹುದು. ಮೋಡ ಕಟ್ಟಿದಾಗ ಅಡಾಪ್ಟರ್ ಜೊತೆಗೆ ಈ ಲ್ಯಾನ್ ಕೇಬಲ್ಲನ್ನೂ ಕಳಚಿ. ಬರೀ ಅಡಾಪ್ಟರ್ ತೆಗೆದರೆ ಅರ್ಧ ಕೆಲಸ ಮಾಡಿದ ಹಾಗೆ.

ಇನ್ನು ಯುಪಿಎಸ್. ಎರಡು ಪೆಟ್ಟಿಗೆ ಇರೋವಾಗ ಒಂದಕ್ಕೆ ಮಾತ್ರ ಬ್ಯಾಟರಿ ಕೊಟ್ಟರೆ ಪ್ರಯೋಜನ ಇಲ್ಲ. ಒಂದೇ ಯುಪಿಎಸ್‌ಗೆ ಎರಡನ್ನೂ ಹಾಕೋದಾದರೆ ಅಡಾಪ್ಟರ್‌ಗಳ ಮೇಲಿನ ಆಂಪಿಯರ್ ಕೂಡಿಸಿ: 12 ವೋಲ್ಟ್ 1 ಆಂಪ್, 12 ವೋಲ್ಟ್ 1.5 ಆಂಪ್ ಇದ್ದರೆ ಎರಡೂ ಸೇರಿ 2.5. ಆದರೆ ಎರಡು ಮಹಡಿ ಆದ್ದರಿಂದ ನಿಮಗೆ ಬೇಕಾದ್ದು ಎರಡು ಚಿಕ್ಕ ಯುಪಿಎಸ್, ಒಂದೊಂದೂ ಆ ಅಡಾಪ್ಟರ್‌ಗಿಂತ ಸ್ವಲ್ಪ ಹೆಚ್ಚಿನದು. ಪಿನ್‌ನ ನಡು ಪಾಸಿಟಿವ್ ಇದೆಯಾ ಅಂತ ಅಡಾಪ್ಟರ್‌ನ ಚಿತ್ರದಲ್ಲಿ ನೋಡಿಯೇ ಚುಚ್ಚಿ. ಬ್ಯಾಟರಿ ಎಷ್ಟು ಹೊತ್ತು ಬರುತ್ತೆ ಅನ್ನೋದನ್ನು ಅಂಗಡಿಯವರ ಮಾತಿಗೆ ಬಿಡದೆ ಲೆಕ್ಕ ಹಾಕಿ: 2000 ಎಂಎಎಚ್‌ನ 3.7 ವೋಲ್ಟ್ ಸೆಲ್ ಮೂರಿದ್ದರೆ ಸುಮಾರು 22 ವ್ಯಾಟ್-ಅವರ್. ಪರಿವರ್ತನೆಯ ನಷ್ಟ ಕಳೆದು 19 ಹಿಡಿಯಿರಿ. ಓಎನ್‌ಟಿ 8 ವ್ಯಾಟ್ ಎಳೆದರೆ ಎರಡು ಗಂಟೆ ಚಿಲ್ಲರೆ. ನಮ್ಮ ಮಳೆಗಾಲದ ಕರೆಂಟಿಗೆ ಇದು ಸಾಲೋದಿಲ್ಲ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಎರಡನ್ನೂ ಅದರ ಲೈನಿಗೇ ಹಾಕೋದು ಉತ್ತಮ.

---

ಮಹಡಿಮನೆ:

ಎಲ್ಲರಿಗೂ ಧನ್ಯವಾದ. ಲ್ಯಾನ್1ಕ್ಕೆ ಹಾಕಿ ಎಪಿ ಮೋಡ್ ಮಾಡಿದೆವು. ಕೇಬಲ್‌ನಲ್ಲಿ ಪೂರ್ತಿ 200 ಸಿಗ್ತಾ ಇದೆ, ಪ್ರಿಂಟರ್ ಎರಡೂ ಮಹಡಿಗೆ ಕಾಣ್ತಾ ಇದೆ. ಲ್ಯಾನ್ ಕೇಬಲ್ ಹೊರಗೋಡೆ ಮೇಲೇ ಇದೆ, ಮೆಟ್ಟಿಲ ಕಡೆಯಿಂದ ಒಳಕ್ಕೆ ತರಿಸ್ತೇವೆ.

ಉಳಿದದ್ದು ಎರಡು. ಓಎನ್‌ಟಿಯ ವ್ಯಾನ್ ಐಪಿ 100.8x ಅಂತ ಶುರುವಾಗುತ್ತೆ, ಎನ್‌ವಿಆರ್ ಇನ್ನೂ ಹೊರಗಿನಿಂದ ತೆರೆಯೋದಿಲ್ಲ. ಸ್ಟ್ಯಾಟಿಕ್ ಐಪಿ ಕೊಂಡರೆ ಬ್ರಿಡ್ಜ್ ಮಾಡಲೇಬೇಕಾ? ಇನ್ನೊಂದು, ಎರಡಕ್ಕೂ ಒಂದೇ ವೈಫೈ ಹೆಸರು ಕೊಟ್ಟಿದ್ದೇವೆ, ಫೋನ್ ಹಿಡಿದು ಮೇಲೆ ಹೋದರೂ ಕೆಳಗಿನ ಸಿಗ್ನಲ್ ಬಿಡೋದಿಲ್ಲ.

---

ತಂತಿಜಾಲ:

100.64ರಿಂದ 100.127ರವರೆಗಿನ ವಿಳಾಸಗಳು ಸಿಜಿನ್ಯಾಟ್‌ಗೆ ಅಂತಲೇ 2012ರಲ್ಲಿ ತೆಗೆದಿಟ್ಟವು. ಅಂದರೆ ನಿಮ್ಮ ಓಎನ್‌ಟಿಗೇ ಸಾರ್ವಜನಿಕ ಐಪಿ ಇಲ್ಲ, ಕಂಪನಿಯ ಒಂದು ಐಪಿಯನ್ನು ಹಲವು ಮನೆಗಳು ಹಂಚಿಕೊಂಡಿವೆ. ಹೊರಗಿನಿಂದ ಬರೋ ಕೋರಿಕೆ ಕಂಪನಿಯ ನ್ಯಾಟ್‌ನಲ್ಲೇ ಬಿದ್ದುಹೋಗುತ್ತೆ, ನಿಮ್ಮ ಮನೆಯಲ್ಲಿ ಎಷ್ಟು ಪೋರ್ಟ್ ತೆರೆದರೂ ವ್ಯರ್ಥ. ಬ್ರಿಡ್ಜ್ ಮಾಡಿದ್ದರೂ ರೂಟರ್‌ಗೆ ಇದೇ 100.x ಬರ್ತಾ ಇತ್ತು.

ಸ್ಟ್ಯಾಟಿಕ್ ಐಪಿ ನಿಮ್ಮ ಪಿಪಿಪಿಓಇ ಯೂಸರ್‌ನೇಮ್‌ಗೆ ಅಂಟೋದು, ಯಾವ ಪೆಟ್ಟಿಗೆ ಡಯಲ್ ಮಾಡುತ್ತೋ ಅದಕ್ಕೆ ಸಿಗುತ್ತೆ. ಬ್ರಿಡ್ಜ್ ಬೇಕಿಲ್ಲ, ಓಎನ್‌ಟಿಯಲ್ಲೇ ಫಾರ್ವರ್ಡ್ ಮಾಡಬಹುದು. ಆದರೆ ದಯವಿಟ್ಟು ಮಾಡಬೇಡಿ. ಎನ್‌ವಿಆರ್ ಮಾಡೋ ಹಿಕ್‌ವಿಷನ್‌ನ 8000, ದಾಹುವಾದ 37777 ಪೋರ್ಟ್‌ಗಳನ್ನು ಇಂಟರ್ನೆಟ್ ತುಂಬ ಬಾಟ್‌ಗಳು ಹಗಲೂ ರಾತ್ರಿ ತಡಕಾಡ್ತಾ ಇರುತ್ತವೆ. ಹಳೇ ಫರ್ಮ್‌ವೇರ್, ಸುಲಭದ ಪಾಸ್‌ವರ್ಡ್ ಎರಡೂ ಸೇರಿದರೆ ನಿಮ್ಮ ಮನೆಯ ಕ್ಯಾಮೆರಾ ಯಾರ್ಯಾರದೋ ಕೈಗೆ.

ಬರೀ ನೋಡೋಕೆ ಆದರೆ ಎನ್‌ವಿಆರ್ ತಯಾರಕರ ಪಿ2ಪಿ ಆಪ್ ಸಾಕು, ಅದು ಒಳಗಿನಿಂದ ಹೊರಕ್ಕೆ ಕನೆಕ್ಷನ್ ತೆರೆಯೋದರಿಂದ ಸಿಜಿನ್ಯಾಟ್ ಅಡ್ಡ ಬರೋದಿಲ್ಲ. ಅದರ ಮೇಲೆ ನಂಬಿಕೆ ಇಲ್ಲದಿದ್ದರೆ ಸದಾ ಆನ್ ಇರೋ ಒಂದು ರಾಸ್ಪ್‌ಬೆರಿ ಪೈ ಅಥವಾ ಹಳೇ ಕಂಪ್ಯೂಟರ್‌ನಲ್ಲಿ ಟೇಲ್‌ಸ್ಕೇಲ್ (ಒಂದು ವಿಪಿಎನ್ ತಂತ್ರಾಂಶ) ಹಾಕಿ, ಮನೆಯ ಸಬ್‌ನೆಟ್ (ಒಳ ನೆಟ್‌ವರ್ಕ್) ಅದರ ಮೂಲಕ ಕಾಣುವಂತೆ ಮಾಡಿ. ಇದಕ್ಕೆ ಒಂದು ಮುನ್ನೆಚ್ಚರಿಕೆ ಬೇಕು: ನೀವು ಹೋದ ಕಡೆಯ ವೈಫೈ ಕೂಡ 192.168.1.x ಆಗಿದ್ದರೆ ಎರಡು ವಿಳಾಸ ಒಂದಕ್ಕೊಂದು ಢಿಕ್ಕಿ ಹೊಡೆದು ಎನ್‌ವಿಆರ್ ಸಿಗೋದಿಲ್ಲ. ಟೇಲ್‌ಸ್ಕೇಲ್ ಹಾಕೋ ಮೊದಲೇ ಓಎನ್‌ಟಿಯ ಲ್ಯಾನ್ ಐಪಿಯನ್ನು 192.168.37.1 ಥರದ ಅಪರೂಪದ್ದಕ್ಕೆ ಬದಲಿಸಿ, ಸಿ6 ಮತ್ತು ಎನ್‌ವಿಆರ್ ವಿಳಾಸಗಳನ್ನೂ ಅದಕ್ಕೆ ಹೊಂದಿಸಿ.

---

ಕ್ರಿಂಪಿಂಗ್‌ಗಾರ:

ಫೋನ್ ಯಾವಾಗ ಜಿಗಿಯಬೇಕು ಅನ್ನೋದು ಫೋನಿನದೇ ತೀರ್ಮಾನ, ರೂಟರ್ ಬಲವಂತ ಮಾಡೋಕೆ ಆಗೋದಿಲ್ಲ. ನಮ್ಮ ಕೈಲಿರೋದು ಕೆಳಗಿನ ಸಿಗ್ನಲ್ ಮೇಲೆ ಹೋದಾಗ ಬೇಗ ಕುಂದುವಂತೆ ಮಾಡೋದು. ಓಎನ್‌ಟಿಯ ವೈಫೈ ಅಡ್ವಾನ್ಸ್ಡ್ ಪುಟದಲ್ಲಿ 2.4 ಗಿಗಾಹರ್ಟ್ಸ್‌ನ ಟ್ರಾನ್ಸ್‌ಮಿಟ್ ಪವರ್ ಅನ್ನು 100ರಿಂದ 40 ಶೇಕಡಾಕ್ಕೆ ಇಳಿಸಿ ನೋಡಿ. ಕೆಳಗಿನ ಮೂಲೆ ಕೋಣೆಗೆ ಸಾಲದಿದ್ದರೆ 60. ಹೆಸರು, ಪಾಸ್‌ವರ್ಡ್, ಸೆಕ್ಯುರಿಟಿ ಬಗೆ ಮೂರೂ ಎರಡೂ ಕಡೆ ಒಂದೇ ಇರಬೇಕು: ಒಂದು ಕಡೆ ಡಬ್ಲ್ಯುಪಿಎ2, ಇನ್ನೊಂದು ಕಡೆ ಬೇರೆ ಆದರೆ ಕೆಲವು ಫೋನ್ ಅದನ್ನು ಬೇರೆ ನೆಟ್‌ವರ್ಕ್ ಅಂತಲೇ ತಿಳಿಯುತ್ತವೆ. ಚಾನೆಲ್ ಮಾತ್ರ ಬೇರೆ ಇರಲಿ. 2.4ರಲ್ಲಿ ಕೆಳಗೆ 1, ಮೇಲೆ 11, ಅಗಲ 20 ಮೆಗಾಹರ್ಟ್ಸ್. ಓಎನ್‌ಟಿಯಲ್ಲೂ 5 ಗಿಗಾಹರ್ಟ್ಸ್ ಇದ್ದರೆ ಕೆಳಗೆ 36, ಮೇಲೆ 149, ಅಗಲ 80. 52ರಿಂದ 144ರ ನಡುವಿನ ಚಾನೆಲ್ ಬೇಡ. ಅಲ್ಲಿ ರೇಡಾರ್ ಸುಳಿವು ಸಿಕ್ಕರೆ ರೂಟರ್ ಚಾನೆಲ್ ಬಿಟ್ಟು ಹೋಗಲೇಬೇಕು, ವಿಡಿಯೋ ಕಾಲ್ ನಡುವೆ ಕಡಿಯುತ್ತೆ. ಬದಲಾಯಿಸಿದ ಮೇಲೆ ಫೋನ್‌ಗಳಲ್ಲಿ ವೈಫೈ ಒಮ್ಮೆ ಮರೆತು ಮತ್ತೆ ಸೇರಿಸಿ.